ಕುರ್ಚಿ ಮತ್ತು ಬೆನ್ನುಮೂಳೆ: ಒಂದು ಹುಡುಕಾಟದ ಇತಿಹಾಸ

ಕಚೇರಿ ಕೆಲಸಕ್ಕೆಂದು ಕುರ್ಚಿ ಕೊಳ್ಳಲು ನೀವು ಅಂಗಡಿಗೆ ಹೋದರೆ ‘ಎರ್ಗೊನಾಮಿಕ್’ ಎಂಬ ಚೀಟಿ ಅಂಟಿಸಿದ ಹಲವು ಮಾದರಿಗಳು ಕಣ್ಣಿಗೆ ಬೀಳುತ್ತವೆ. ಬೆಲೆಗಳಲ್ಲಿ ಅಜಗಜಾಂತರ. ಆದರೆ ಎಲ್ಲವೂ ಬೆನ್ನಿಗೆ ಹಿತ ಎಂದೇ ಹೇಳಿಕೊಳ್ಳುತ್ತವೆ. ಯಾವುದನ್ನು ಆರಿಸಬೇಕು? ಇದನ್ನು ತೀರ್ಮಾನಿಸುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ನಾವು ಕುಳಿತಾಗ ಬೆನ್ನಿನೊಳಗೆ ಆಗುವುದಾದರೂ ಏನು? ಈ ಪ್ರಶ್ನೆ ಊಹೆಯ ಹಂತದಿಂದ ಅಳತೆಯ ಹಂತಕ್ಕೆ ಬರಲು ಹಲವು ದಶಕಗಳೇ ಹಿಡಿದವು. ಅಳತೆ ಸಿಕ್ಕಾಗ, ಶಾಲೆಯಲ್ಲಿ ನಾವೆಲ್ಲ ಕೇಳಿರುವ ‘ನೆಟ್ಟಗೆ ಕೂತ್ಕೋ’ ಎಂಬ ಆಜ್ಞೆಯೇ ಪ್ರಶ್ನೆಗೊಳಗಾಯಿತು.

‘ಎರ್ಗೊನಾಮಿಕ್ಸ್’ ಎಂಬ ಪದ ಕಂಪ್ಯೂಟರಿಗಿಂತ ಬಹಳ ಹಳೆಯದು. ಪೋಲೆಂಡಿನ ನಿಸರ್ಗ ವಿಜ್ಞಾನಿ ವೊಯ್ಚೆಕ್ ಯಾಸ್ತ್‌ಶೆಂಬೊವ್‌ಸ್ಕಿ 1857ರಲ್ಲಿ ಗ್ರೀಕ್ ಭಾಷೆಯ ‘ಎರ್ಗಾನ್’ (ಕೆಲಸ) ಮತ್ತು ‘ನೊಮೊಸ್’ (ನಿಯಮ) ಎಂಬ ಎರಡು ಪದಗಳನ್ನು ಕೂಡಿಸಿ ಇದನ್ನು ರಚಿಸಿದ. ಪದ ಬಹುಕಾಲ ಮೂಲೆಗುಂಪಾಗಿತ್ತು. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಬ್ರಿಟನ್ನಿನ ವಿಜ್ಞಾನಿಗಳು ಮನುಷ್ಯ ಮತ್ತು ಅವನ ಕೆಲಸದ ಸಂಬಂಧವನ್ನು ಅಧ್ಯಯನ ಮಾಡಲು ಸಂಘವೊಂದನ್ನು ಕಟ್ಟಿಕೊಂಡ ಬಳಿಕವೇ ಅದು ಬಳಕೆಗೆ ಬಂದದ್ದು.

ತಿರುಗುವ, ಉರುಳುವ ಕುರ್ಚಿಗಳು ಅದಕ್ಕೂ ಮೊದಲೇ ಇದ್ದವು. ಚಾರ್ಲ್ಸ್ ಡಾರ್ವಿನ್ ತನ್ನ ಅಧ್ಯಯನ ಕೊಠಡಿಯ ಕುರ್ಚಿಗೆ ಗಾಲಿಗಳನ್ನು ಹಾಕಿಸಿಕೊಂಡಿದ್ದ. ಅಮೆರಿಕದ ಥಾಮಸ್ ವಾರನ್ 1849ರ ಸುಮಾರಿಗೆ ರೂಪಿಸಿದ ಸ್ಪ್ರಿಂಗ್ ಕುರ್ಚಿ ಎಲ್ಲ ದಿಕ್ಕಿಗೂ ವಾಲುತ್ತಿತ್ತು, ಸುತ್ತಲೂ ತಿರುಗುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಇಡಲಾಗಿತ್ತು. ಇವು ಜಾಣ ಕುಶಲಕರ್ಮದ ವಸ್ತುಗಳು, ನಿಜ. ಆದರೆ ಇವುಗಳ ಹಿಂದೆ ಅಂಗರಚನಾಶಾಸ್ತ್ರ ಇರಲಿಲ್ಲ.

ಆ ದಿಕ್ಕಿನಲ್ಲಿ ಯೋಚಿಸಿದವರು ವೈದ್ಯರು. ಅವರ ಗಮನ ಸೆಳೆದದ್ದು ಕಚೇರಿಯಲ್ಲ, ಶಾಲೆ. ಜರ್ಮನಿಯ ಮೂಳೆ ವೈದ್ಯ ಫ್ರಾಂಜ್ ಸ್ಟಾಫೆಲ್ 1884ರಲ್ಲಿ, ಬೆಂಚಿನ ಮೇಲೆ ಗಂಟೆಗಟ್ಟಲೆ ಬಾಗಿ ಕೂರುವ ಮಕ್ಕಳ ಬೆನ್ನಿಗೆ ಸೊಂಟದ ಬಳಿ ಆಧಾರ ಬೇಕು ಎಂದ. ಇಂದು ಅಂಗಡಿಯವರು ‘ಲಂಬಾರ್ ಸಪೋರ್ಟ್’ ಎನ್ನುವುದು ಇದನ್ನೇ. ನೆಟ್ಟಗೆ, ಸೊಂಟ ಮತ್ತು ಮಂಡಿಗಳನ್ನು ಲಂಬಕೋನದಲ್ಲಿ ಮಡಿಸಿ ಕೂರುವುದೇ ಸರಿಯಾದ ಭಂಗಿ ಎಂಬ ಮಾತೂ ಆ ಕಾಲದಿಂದಲೇ ಬೇರೂರಿತು.

ಈಗ ನಿಮ್ಮ ಬೆನ್ನುಮೂಳೆಯನ್ನು ಸ್ವಲ್ಪ ಗಮನಿಸಿ. ಪಕ್ಕದಿಂದ ನೋಡಿದರೆ ಅದು ನೇರ ಕಂಬವಲ್ಲ, ‘ಎಸ್’ ಅಕ್ಷರದಂತೆ ಬಳುಕಿದೆ. ನಿಂತಾಗ ಸೊಂಟದ ಭಾಗ ಒಳಕ್ಕೆ ಬಾಗಿರುತ್ತದೆ. ಕೂರಲು ತೊಡೆಯನ್ನು ಮಡಿಸುತ್ತಾ ಹೋದಂತೆ ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿಯಾಗಿ ಶ್ರೋಣಿಯನ್ನು (ಸೊಂಟದ ಎಲುಬಿನ ಗೂಡನ್ನು) ಹಿಂದಕ್ಕೆ ಎಳೆಯುತ್ತವೆ. ಸೊಂಟದ ಒಳಬಾಗು ಮಾಯವಾಗಿ ಬೆನ್ನು ಚಪ್ಪಟೆಯಾಗುತ್ತದೆ. ಅಮೆರಿಕದ ವೈದ್ಯ ಕೀಗನ್ 1953ರಲ್ಲಿ ಎಕ್ಸ್-ಕಿರಣ ಚಿತ್ರಗಳ ಮೂಲಕ ಇದನ್ನು ತೋರಿಸಿದ. ಮುಂಡ ಮತ್ತು ತೊಡೆಗಳ ನಡುವೆ ಸುಮಾರು 135 ಡಿಗ್ರಿ ಕೋನ ಇದ್ದಾಗ ಬೆನ್ನುಮೂಳೆ ತನ್ನ ಸಹಜ ಆಕಾರದಲ್ಲಿ ಇರುತ್ತದೆ. 90 ಡಿಗ್ರಿಯಲ್ಲಿ ಅಲ್ಲ! ಸ್ವೀಡನ್ನಿನ ಆಕರ್‌ಬ್ಲೂಮ್ ಇದಕ್ಕೆ ಐದು ವರ್ಷ ಮೊದಲೇ, 1948ರಲ್ಲಿ, ನಿಲ್ಲುವ ಮತ್ತು ಕೂರುವ ಭಂಗಿಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದು ಸೊಂಟಕ್ಕೆ ಆಧಾರ ಕೊಡುವ ಕುರ್ಚಿಯನ್ನು ಸೂಚಿಸಿದ್ದ.

ಆಕಾರವೇನೋ ತಿಳಿಯಿತು. ಒಳಗಿನ ಒತ್ತಡವನ್ನು ತಿಳಿಯುವುದು ಹೇಗೆ? ಕಶೇರುಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ. ಬಿಲ್ಲೆಯ ಅಂಚು ಗಟ್ಟಿ ನಾರಿನದು, ನಡುಭಾಗ ನೀರು ತುಂಬಿದ ಲೋಳೆಯಂಥದು. ಸ್ವೀಡನ್ನಿನ ಗೋಥೆನ್‌ಬರ್ಗಿನ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲಿ ದಿಟ್ಟ ಹೆಜ್ಜೆಯೊಂದನ್ನು ಇಟ್ಟ. ಒತ್ತಡವನ್ನು ಗ್ರಹಿಸುವ ಸೂಜಿಯನ್ನು ಜೀವಂತ ಮನುಷ್ಯರ ಸೊಂಟದ ಬಿಲ್ಲೆಯೊಳಕ್ಕೆ ತೂರಿಸಿ, ಅವರನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ಅಳೆದ. ಅವನು ಪ್ರಚುರಪಡಿಸಿದ ಅಂಕಿಗಳು ಪಠ್ಯಪುಸ್ತಕಗಳನ್ನು ಸೇರಿದವು. ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಆಧಾರವಿಲ್ಲದೆ ನೆಟ್ಟಗೆ ಕುಳಿತಾಗ 140, ಮುಂದಕ್ಕೆ ಬಾಗಿ ಕುಳಿತಾಗ 185, ಅಂಗಾತ ಮಲಗಿದಾಗ ಕೇವಲ 25. ಕೂರುವುದು ವಿಶ್ರಾಂತಿ ಎಂದುಕೊಂಡಿದ್ದವರಿಗೆ ಇದು ಅಚ್ಚರಿಯ ಸುದ್ದಿ. 1974ರಲ್ಲಿ ಅದೇ ಊರಿನ ಆಂಡರ್ಸನ್ ಮತ್ತು ಸಂಗಡಿಗರು ಕುರ್ಚಿಯನ್ನೇ ಬದಲಿಸುತ್ತಾ ಅಳೆದರು. ಬೆನ್ನೊರಗನ್ನು ಹಿಂದಕ್ಕೆ ವಾಲಿಸಿದಷ್ಟೂ ಒತ್ತಡ ಇಳಿಯಿತು. ಸೊಂಟದ ಆಧಾರ, ತೋಳಿನ ಆಧಾರ ಕೊಟ್ಟಾಗಲೂ ಇಳಿಯಿತು. ನನ್ನ ದೃಷ್ಟಿಯಲ್ಲಿ, ಒಳ್ಳೆಯ ಕಚೇರಿ ಕುರ್ಚಿಯ ನಿಜವಾದ ಹುಟ್ಟು ಇಲ್ಲಿದೆ.

ಕತೆ ಇಲ್ಲಿಗೇ ಮುಗಿಯಲಿಲ್ಲ. ಜರ್ಮನಿಯ ಉಲ್ಮ್ ನಗರದ ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಹೊಸ ಅಳತೆಗಳನ್ನು ಪ್ರಕಟಿಸಿದರು. 1.5 ಮಿಲಿಮೀಟರ್ ದಪ್ಪದ ಸಂವೇದಕವನ್ನು ಸ್ವಯಂಸೇವಕನೊಬ್ಬನ ಬಿಲ್ಲೆಯಲ್ಲಿ ಇರಿಸಿ, ಸುಮಾರು 24 ಗಂಟೆಗಳ ಅವಧಿಯಲ್ಲಿ ಅವನ ನಾನಾ ಚಟುವಟಿಕೆಗಳನ್ನು ದಾಖಲಿಸಿದ್ದರು. ಸ್ವಯಂಸೇವಕ ಸ್ವತಃ ಮೂಳೆ ವೈದ್ಯ! ನಿಂತಾಗ ಒತ್ತಡ 0.50 ಮೆಗಾಪ್ಯಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು ಐದು ಪಟ್ಟು. ಬೆನ್ನೊರಗಿಲ್ಲದೆ ಆರಾಮವಾಗಿ ಕುಳಿತಾಗ 0.46. ಅಂದರೆ ನಿಂತಾಗಿಗಿಂತ ಹೆಚ್ಚಲ್ಲ! ಕುರ್ಚಿಗೆ ಒರಗಿ, ಮೇಷ್ಟರುಗಳಿಗೆ ಎಂದೂ ಹಿಡಿಸದ ರೀತಿಯಲ್ಲಿ ಜಾರಿಕೊಂಡು ಕುಳಿತಾಗ 0.27 ಮಾತ್ರ. ಮುಂದಕ್ಕೆ ಬಾಗಿ ಕುಳಿತರೆ ಮಾತ್ರ 0.83ಕ್ಕೆ ಏರಿತು.

ವಿಜ್ಞಾನ ವಿದ್ಯಾರ್ಥಿಗಳು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಇದು ಒಬ್ಬನೇ ಮನುಷ್ಯನ ಅಳತೆ. ಇದರಿಂದ ಎಲ್ಲರಿಗೂ ನಿಯಮ ಮಾಡಲಾಗದು. ಅಲ್ಲದೆ, ಒತ್ತಡ ಕಡಿಮೆ ಎಂದ ಮಾತ್ರಕ್ಕೆ ಆ ಭಂಗಿಯಲ್ಲೇ ದಿನವಿಡೀ ಇರುವುದು ಒಳ್ಳೆಯದು ಎಂದಾಗುವುದಿಲ್ಲ. ಇದಕ್ಕೆ ಕಾರಣ ಬಿಲ್ಲೆಯ ರಚನೆಯಲ್ಲೇ ಇದೆ. ವಯಸ್ಕರ ಬಿಲ್ಲೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಪೋಷಕಗಳು ಸುತ್ತಲಿನ ಅಂಗಾಂಶದಿಂದ ವಿಸರಣೆಯಿಂದಲೇ ಬರಬೇಕು. ಭಾರ ಬಿದ್ದಾಗ ನೀರು ಹೊರಬರುತ್ತದೆ, ಭಾರ ಇಳಿದಾಗ ಒಳಸೇರುತ್ತದೆ, ಹಿಂಡಿ ಬಿಟ್ಟ ಸ್ಪಂಜಿನಂತೆ. ವಿಲ್ಕೆಯ ಪ್ರಯೋಗದಲ್ಲಿ ರಾತ್ರಿ ಏಳು ಗಂಟೆಗಳ ವಿಶ್ರಾಂತಿಯಲ್ಲಿ ಒತ್ತಡ 0.10ರಿಂದ 0.24 ಮೆಗಾಪ್ಯಾಸ್ಕಲ್‌ಗೆ ಏರಿದ್ದು ಬಿಲ್ಲೆ ನೀರು ಹೀರಿಕೊಂಡದ್ದರಿಂದ. ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಸಂಜೆ ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ವ್ಯತ್ಯಾಸ ಕಾಣುತ್ತೀರಿ.

ಲಂಬಕೋನದ ನಿಯಮವನ್ನು ನೇರವಾಗಿ ಎದುರಿಸಿದವನು ಡೆನ್ಮಾರ್ಕಿನ ಶಸ್ತ್ರವೈದ್ಯ ಮ್ಯಾಂಡಲ್. ಈ ಭಂಗಿಗೆ ಪ್ರಯೋಗದ ಆಧಾರವೇ ಇಲ್ಲ ಎಂದು ಅವನು ವಾದಿಸಿದ. ಬರೆಯುವಾಗ ಮಕ್ಕಳು ಕುರ್ಚಿಯ ಹಿಂಗಾಲುಗಳನ್ನು ಮೇಲೆತ್ತಿ ಮುಂಗಾಲುಗಳ ಮೇಲೆ ವಾಲುವುದನ್ನು ಅವನು ಚಿತ್ರಸಮೇತ ದಾಖಲಿಸಿದ. ಅಧ್ಯಾಪಕರು ಇದನ್ನು ತುಂಟತನ ಎಂದು ಗದರಿಸುತ್ತಾರೆ. ಮ್ಯಾಂಡಲ್ ಅದನ್ನು ಮಗುವಿನ ಬೆನ್ನು ಕಂಡುಕೊಂಡ ಪರಿಹಾರ ಎಂದ. ವಾಲಿದಾಗ ತೊಡೆಗಳು ಕೆಳಮುಖವಾಗಿ ಇಳಿದು ಕೋನ ಹಿಗ್ಗುತ್ತದೆ, ಸೊಂಟದ ಒಳಬಾಗು ಮರಳುತ್ತದೆ. ಮುಂದಕ್ಕೆ ಇಳಿಜಾರಾದ ಆಸನ, ಓದುವವರ ಕಡೆಗೆ ಇಳಿಜಾರಾದ ಮೇಜು ಅವನ ಸಲಹೆ. 1979ರಲ್ಲಿ ನಾರ್ವೆಯಲ್ಲಿ ಬಂದ, ಮಂಡಿಯೂರಿ ಕೂರುವ ‘ಬಾಲನ್ಸ್’ ಕುರ್ಚಿಯೂ ಇದೇ ಜಾಡಿನದು.

ಸರಿ, ಎಲ್ಲರಿಗೂ ಹೊಂದುವ ಒಂದೇ ಅಳತೆಯ ಕುರ್ಚಿ ಮಾಡಬಹುದೇ? ಇದಕ್ಕೆ ಉತ್ತರ ವಿಮಾನದಿಂದ ಬಂತು. ಅಮೆರಿಕದ ವಾಯುಪಡೆಗಾಗಿ ಗಿಲ್ಬರ್ಟ್ ಡೇನಿಯಲ್ಸ್ 4063 ಚಾಲಕರ ದೇಹದ ಹತ್ತು ಅಳತೆಗಳನ್ನು ಪರಿಶೀಲಿಸಿ 1952ರಲ್ಲಿ ವರದಿ ಬರೆದ. ಹತ್ತರಲ್ಲೂ ‘ಸರಾಸರಿ’ಯಾಗಿದ್ದವನು ಒಬ್ಬನೂ ಇರಲಿಲ್ಲ. ಸರಾಸರಿ ಮನುಷ್ಯನಿಗೆಂದು ಮಾಡಿದ ಆಸನ ಯಾರಿಗೂ ಪೂರ್ತಿ ಹೊಂದದು. ಕಚೇರಿ ಕುರ್ಚಿಗಳಿಗೂ ಇದೇ ಮಾತು ಅನ್ವಯ. ಅಮೆರಿಕದ ಬಿಲ್ ಸ್ಟಂಫ್ ರೂಪಿಸಿದ ‘ಎರ್ಗಾನ್’ ಕುರ್ಚಿ 1976ರಲ್ಲಿ ಬಂತು. 1994ರಲ್ಲಿ ಅವನೇ ಡಾನ್ ಚಾಡ್ವಿಕ್ ಜೊತೆಗೂಡಿ ರೂಪಿಸಿದ ಬಲೆಯಂಥ ಹೊದಿಕೆಯ ‘ಏರಾನ್’ ಮೂರು ಗಾತ್ರಗಳಲ್ಲಿ ಬಂತು. ನಮ್ಮ ಅಳತೆಗಳು ಪಾಶ್ಚಾತ್ಯರವಲ್ಲ ಎಂಬುದನ್ನು ಮನಗಂಡು ದೇಬ್‌ಕುಮಾರ್ ಚಕ್ರವರ್ತಿ ಭಾರತೀಯರ ದೇಹದ ಅಳತೆಗಳ ಗ್ರಂಥವೊಂದನ್ನು ಸಿದ್ಧಪಡಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಅದನ್ನು ಪ್ರಕಟಿಸಿತು.

ಹಾಗಾದರೆ ಅಂಗಡಿಯಲ್ಲಿ ನೀವು ಚೀಟಿ ಓದುವ ಬದಲು ಕುಳಿತು ನೋಡಿ. ಪಾದಗಳು ಪೂರ್ತಿ ನೆಲಕ್ಕೆ ತಾಗುವಷ್ಟು ಆಸನ ಇಳಿಯುತ್ತದೆಯೇ? ಇಳಿಯದಿದ್ದರೆ ಅದರ ಮುಂಚು ತೊಡೆಯ ಕೆಳಭಾಗವನ್ನು ಒತ್ತುತ್ತದೆ. ಬೆನ್ನು ತಾಗಿಸಿ ಕುಳಿತಾಗ ಆಸನದ ಮುಂಚಿಗೂ ಮಂಡಿಯ ಹಿಂಬದಿಗೂ ಎರಡು ಮೂರು ಬೆರಳುಗಳ ಜಾಗ ಉಳಿಯಬೇಕು. ಸೊಂಟದ ಉಬ್ಬು ನಿಮ್ಮ ಸೊಂಟದ ಎತ್ತರಕ್ಕೇ ಬರಬೇಕು; ಒಂದೇ ಜಾಗದಲ್ಲಿ ಬಿಗಿದ ಉಬ್ಬು ಗಿಡ್ಡಗಿರುವವರ ಬೆನ್ನಿನ ನಡುವಿಗೆ ಚುಚ್ಚೀತು. ಬೆನ್ನೊರಗು ನಿಮ್ಮ ಜೊತೆ ಹಿಂದಕ್ಕೆ ವಾಲಬೇಕು. ತಲೆದಿಂಬು, ಹೊಳೆಯುವ ಹೊದಿಕೆ ಇತ್ಯಾದಿಗಳಿಗೆ ನಾನು ಹೆಚ್ಚು ಹಣ ಕೊಡಲಾರೆ.

ಗಾಲಿಗಳ ಸಂಖ್ಯೆಯನ್ನೂ ನೋಡಿ. ನಾಲ್ಕು ತೋಳುಗಳ ಬುಡಕ್ಕಿಂತ ಐದು ತೋಳುಗಳದು ಲೇಸು. ಗುರುತ್ವ ಕೇಂದ್ರದಿಂದ ಇಳಿಸಿದ ಲಂಬ, ಬುಡದ ಬಹುಭುಜದ ಹೊರಗೆ ಬಿದ್ದರೆ ಕುರ್ಚಿ ಮಗುಚುತ್ತದೆ. ತೋಳಿನ ಉದ್ದ 1 ಎಂದಾದರೆ, ನಡುವಿನಿಂದ ಅಂಚಿಗಿರುವ ಕನಿಷ್ಠ ದೂರ ಚೌಕದಲ್ಲಿ 0.71, ಪಂಚಭುಜದಲ್ಲಿ 0.81. ಕೊಸೈನ್ ಬಳಸಿ ಇದನ್ನು ನೀವೇ ಸಾಧಿಸಬಹುದು.

ಅಧ್ಯಾಪಕರಿಗೆ ಒಂದು ಚಟುವಟಿಕೆ. ನಿಮ್ಮ ತರಗತಿಯ ಪ್ರತಿ ವಿದ್ಯಾರ್ಥಿಯ ಮಂಡಿಯ ಹಿಂಬದಿಯಿಂದ ನೆಲಕ್ಕಿರುವ ಎತ್ತರವನ್ನು ಅಳೆದು ಸ್ತಂಭಾಲೇಖ ಬರೆಸಿ. ಅದೇ ಆಲೇಖದಲ್ಲಿ ಬೆಂಚಿನ ಎತ್ತರಕ್ಕೆ ಒಂದು ಗೆರೆ ಎಳೆಸಿ. ಗೆರೆಗಿಂತ ಕೆಳಗಿರುವ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಪಾಠದ ವೇಳೆ ಕಾಲು ಆಡಿಸುತ್ತಾ ಕೂರುವವರು ಯಾರು ಯಾರು ಎಂದು ಒಂದು ವಾರ ನೋಡಿ.