ನಮ್ಮ ಪರ ನಿಲ್ಲಬೇಕಾದ ಕರಿಕೋಟು

ಕೋರ್ಟಿನ ಜಗಲಿ ಮೇಲೆ ಬೆಳಗಿನಿಂದ ಕೂತ ನಮ್ಮ ಕೇರಿಯ ಮುದುಕಿಯನ್ನ ‘ನಿಮ್ಮ ವಕೀಲರು ಯಾರವ್ವ?’ ಅಂತ ಕೇಳಿ ನೋಡಿ. ‘ಸರ್ಕಾರದೋರಂತೆ ಕಣಪ್ಪ, ಮುಖ ನೋಡಿಲ್ಲ’ ಅಂತಾಳೆ. ಸುಟ್ಟಿದ್ದು ಅವಳ ಗುಡಿಸಲು, ಸತ್ತದ್ದು ಅವಳ ಮಗ. ಆದರೆ ಕೇಸು ಅವಳದಲ್ಲ, ಸರ್ಕಾರದ್ದು. ಕಾನೂನಿನ ಕಣ್ಣಿಗೆ ಅವಳು ಬರೀ ಒಬ್ಬ ಸಾಕ್ಷಿ. ಅವಳ ಪರವಾಗಿ ಬಾಯಿ ತೆರೆಯಬೇಕಾದವರು ಪಬ್ಲಿಕ್ ಪ್ರಾಸಿಕ್ಯೂಟರ್, ಜನ ಕರೆಯೋ ಹಾಗೆ ಪಿ.ಪಿ. ಸಾಹೇಬರು. ಈ ಕುರ್ಚಿಯ ಚರಿತ್ರೆ ನಮ್ಮ ಚಳವಳಿಗಾರರಿಗೆ ಗೊತ್ತಿರಬೇಕು.

ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಪ್ರಾಸಿಕ್ಯೂಟರ್ ಹುದ್ದೆ ಇತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕೇಸು ನಡೆಸುತ್ತಿದ್ದವರು ಬಹುಪಾಲು ಪೊಲೀಸ್ ಅಧಿಕಾರಿಗಳೇ. ಹಿಡಿಯುವವನೂ ವಾದಿಸುವವನೂ ಒಂದೇ ಇಲಾಖೆಯವನು. ಊರಿನ ಪಟೇಲನ ಜಗಲಿ ಮೇಲೆ ಕಾಫಿ ಕುಡಿದು ದೂರು ಬರೆದುಕೊಂಡ ಇಲಾಖೆಯಿಂದಲೇ ಹೊಲಗೇರಿಯ ಪರ ವಾದವೂ ಬರಬೇಕಿತ್ತು! ಈ ಎರಡು ಕೆಲಸ ಬೇರೆಯಾಗಬೇಕು ಅಂತ ಕಾನೂನು ಆಯೋಗ 1958ರ ತನ್ನ ಹದಿನಾಲ್ಕನೆಯ ವರದಿಯಲ್ಲಿ ಹೇಳಿತು.

1974ರ ಏಪ್ರಿಲ್ 1ರಿಂದ ಹೊಸ ಸಂಹಿತೆ ಜಾರಿಗೆ ಬಂತು. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಸಿಸ್ಟೆಂಟ್ ಪ್ರಾಸಿಕ್ಯೂಟರ್, ಸೆಷನ್ಸ್ ಕೋರ್ಟಿಗೆ ಪಬ್ಲಿಕ್ ಪ್ರಾಸಿಕ್ಯೂಟರ್. ಪೊಲೀಸರು ಆ ಜಾಗಕ್ಕೆ ಬರಬಾರದು. ಬೇರೆ ಯಾರೂ ಸಿಗದಾಗ ಮಾತ್ರ, ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ, ಆ ಕೇಸಿನ ತನಿಖೆಗೆ ಕೈಹಾಕದ ಅಧಿಕಾರಿ ನಿಲ್ಲಬಹುದು. ಪಿ.ಪಿ. ಆಗಲು ಏಳು ವರ್ಷದ ವಕೀಲಿಕೆ ಬೇಕು. ಪ್ರಾಸಿಕ್ಯೂಟರುಗಳ ಕಾಯಂ ಕೇಡರ್ ಇಲ್ಲದ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ಜಡ್ಜರ ಜತೆ ಸಮಾಲೋಚಿಸಿ ಪಟ್ಟಿ ಮಾಡಬೇಕು, ಸರ್ಕಾರ ಅದರಿಂದ ಆರಿಸಬೇಕು. ಆ ಪಟ್ಟಿಗೆ ಯಾರ ಹೆಸರು ಸೇರುತ್ತೆ, ಯಾರ ಶಿಫಾರಸಿನಿಂದ ಸೇರುತ್ತೆ ಅನ್ನೋದು ಮಾತ್ರ ಕೇರಿಗೆ ತಿಳಿಯೋದಿಲ್ಲ.

ಪಿ.ಪಿ. ಕೈಯಲ್ಲಿರೋ ಅಧಿಕಾರ ಸಣ್ಣದಲ್ಲ. ಯಾವ ಸಾಕ್ಷಿಯನ್ನ ಕರೆಸಬೇಕು, ಯಾರನ್ನ ಬಿಡಬೇಕು, ಅವರ ತೀರ್ಮಾನ. ಸಾಕ್ಷಿ ತಿರುಗಿಬಿದ್ದರೆ ಕೋರ್ಟಿನ ಅನುಮತಿ ಪಡೆದು ಪಾಟೀಸವಾಲು ಹಾಕೋರು ಅವರೇ. ಕೋರ್ಟು ಒಪ್ಪಿದರೆ ಕೇಸನ್ನೇ ವಾಪಸು ತೆಗೆಯಬಹುದು. ನೊಂದವರು ಸ್ವಂತ ವಕೀಲರನ್ನಿಟ್ಟರೂ ಆ ವಕೀಲರು ಪಿ.ಪಿ. ಹೇಳಿದ ಹಾಗೆ ನಡೀಬೇಕು. ಒಂದು ಮಾತು ನೆನಪಿರಲಿ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸೋದು ಪಿ.ಪಿ. ಕೆಲಸವಲ್ಲ. ಸತ್ಯವನ್ನ ಪೂರ್ತಿಯಾಗಿ ಕೋರ್ಟಿನ ಮುಂದೆ ಇಡೋದು ಅವರ ಕೆಲಸ. ನಾವು ಕೇಳೋದೂ ಅಷ್ಟನ್ನೇ.

1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಿಂದ ಜಾರಿಯಾಯಿತು. ವಿಶೇಷ ಕೋರ್ಟು, ವಿಶೇಷ ಪ್ರಾಸಿಕ್ಯೂಟರ್ ಬಂದರು. ಆಂಧ್ರದ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ಎಂಟು ಜನ ದಲಿತರನ್ನ ಕೊಂದರು. ಅಲ್ಲಿಯ ಜನ ಹೋರಾಡಿ ಕೋರ್ಟನ್ನೇ ಊರಿಗೆ ತರಿಸಿದರು. ತಮಗೆ ನಂಬಿಕೆಯಿದ್ದ ಬಿ. ಚಂದ್ರಶೇಖರ್ ಅವರನ್ನ ವಿಶೇಷ ಪ್ರಾಸಿಕ್ಯೂಟರ್ ಆಗಿ ಪಡೆದರು. 2007ರಲ್ಲಿ 21 ಜನಕ್ಕೆ ಜೀವಾವಧಿ ಶಿಕ್ಷೆಯಾಯಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು.

ನಮ್ಮ ಕಂಬಾಲಪಲ್ಲಿ? ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಈ ಊರಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳನ್ನ ಬೈಯೋದು ಸುಲಭ. ಅದೇ ಊರಲ್ಲಿ, ಅದೇ ಜಮೀನ್ದಾರನ ಹೊಲದಲ್ಲಿ ಕೂಲಿ ಮಾಡಿ ಉಣ್ಣಬೇಕಾದವನು ಆರು ವರ್ಷ ಯಾರನ್ನ ನಂಬಿ ನಾಲಿಗೆ ಗಟ್ಟಿ ಇಟ್ಟುಕೊಳ್ಳಬೇಕಿತ್ತು?

ಇನ್ನೊಂದು ಊರು ಗಂಗಾವತಿ ತಾಲ್ಲೂಕಿನ ಮರಕುಂಬಿ. ಕ್ಷೌರದಂಗಡಿ, ಹೋಟೆಲಿನ ಬಾಗಿಲು ನಮಗೂ ತೆರೀರಿ ಅಂದದ್ದಕ್ಕೆ ಶುರುವಾದ ಹಗೆ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿತು. ಹತ್ತು ವರ್ಷವಾದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ಕೋರ್ಟು 98 ಜನಕ್ಕೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟು ಅವರಲ್ಲಿ ಬಹುಪಾಲು ಮಂದಿಗೆ ಜಾಮೀನು ಕೊಟ್ಟಿತು. ಆದರೂ ಕೇರಿಯ ಸಾಕ್ಷಿ ಜಿಲ್ಲಾ ಕೋರ್ಟಿನಲ್ಲಿ ನಿಲ್ಲಬಲ್ಲದು ಅಂತ ಮರಕುಂಬಿ ತೋರಿಸಿತು.

ಗೆಳೆಯರೇ, ಮೆರವಣಿಗೆ ಮುಗಿದ ಮೇಲೆ ನಮ್ಮ ಕೆಲಸ ಶುರುವಾಗುತ್ತೆ. 1995ರ ನಿಯಮಗಳ ಪ್ರಕಾರ ವಿಶೇಷ ಪ್ರಾಸಿಕ್ಯೂಟರುಗಳ ಕೆಲಸವನ್ನ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಜಿಲ್ಲಾ ಮ್ಯಾಜಿಸ್ಟ್ರೇಟರು ಪರಿಶೀಲಿಸಬೇಕು. ಆ ಪರಿಶೀಲನೆ ಆಯಿತಾ ಅಂತ ಅರ್ಜಿ ಹಾಕಿ ಕೇಳಿ. ನೊಂದವರು ಬಯಸಿದರೆ ಹೆಸರಾಂತ ಹಿರಿಯ ವಕೀಲರನ್ನ ನೇಮಿಸಲು ಅದೇ ನಿಯಮಗಳಲ್ಲಿ ಅವಕಾಶವಿದೆ. ಸಾಕ್ಷಿಗಳಿಗೆ ಬಸ್ ಚಾರ್ಜು, ದಿನದ ಖರ್ಚು ಕೊಡಬೇಕು. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಆರೋಪಿ ಜಾಮೀನು ಕೇಳಿದಾಗ ನೊಂದವರ ಮಾತನ್ನೂ ಕೋರ್ಟು ಕೇಳಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ, ಕೇಸು ವಾಪಸು ತೆಗೆಯಲು ಬಿಡುವ ಮುಂಚೆಯೂ ಅವರನ್ನ ಕೇಳಬೇಕು.

ಹಳ್ಳಿ ಮೇಷ್ಟರುಗಳೇ, ಈ ನಾಲ್ಕು ಮಾತನ್ನ ಕೇರಿಯಲ್ಲಿ ಓದಿ ಹೇಳಿ. ವಾಯ್ದೆಯ ದಿನ ಆ ಮುದುಕಿ ಜತೆ ಬಸ್ ಹತ್ತಿ. ಪಿ.ಪಿ. ಆಫೀಸಿನ ಬಾಗಿಲು ಬಡಿದು, ‘ಸ್ವಾಮಿ, ಇವರೇ ನಿಮ್ಮ ಸಾಕ್ಷಿ, ಇವರ ಮುಖ ಒಂದ್ಸಲ ನೋಡಿ’ ಅನ್ನಿ.