ಓದದ ಕೆ

ಮೂವತ್ತನಾಲ್ಕು ವರ್ಷ ನಾನು ಇಂಗ್ಲಿಷ್ ಪಾಠ ಹೇಳಿದೆ. 1976ರಲ್ಲಿ ಕೆಲಸಕ್ಕೆ ಸೇರಿ 2010ರಲ್ಲಿ ನಿವೃತ್ತನಾಗುವವರೆಗೂ ಸಾಗರ ತಾಲ್ಲೂಕಿನ ಹಳ್ಳಿಗಳ ಹೈಸ್ಕೂಲುಗಳಲ್ಲೇ ಕಳೆದೆ. ಅಷ್ಟು ವರ್ಷಗಳಲ್ಲಿ ಈ ಭಾಷೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಒಂದು ದಿನವೂ ನನ್ನ ತಲೆಗೆ ಬರಲಿಲ್ಲ. ಇಂಗ್ಲೆಂಡಿನಿಂದ ಬಂತು, ಮತ್ತೆಲ್ಲಿಂದ? ಅದರ ಕಾಗುಣಿತದ ಹುಚ್ಚಾಟಗಳು ಮಳೆಗಾಲದ ಹಾಗೆ, ಬಂದೇ ಬರುವಂಥವು, ಸಹಿಸಿಕೊಳ್ಳಬೇಕು ಎಂದುಕೊಂಡಿದ್ದೆ.

ಆ ಪ್ರಶ್ನೆ ಬಂದದ್ದು ಒಬ್ಬ ಹುಡುಗನಿಗೆ. 1983ರ ಮಳೆಗಾಲ, ಒಂಬತ್ತನೆಯ ತರಗತಿ. ಪಾಠದಲ್ಲಿ ನೈಟ್ ಎಂಬ ಪದ ಬಂದಿತ್ತು, ಕುದುರೆ ಏರಿದ ವೀರ ಎಂಬ ಅರ್ಥದ್ದು. ಬೋರ್ಡಿನ ಮೇಲೆ ಕೆ-ಎನ್-ಐ-ಜಿ-ಎಚ್-ಟಿ ಎಂದು ಬರೆದು, ಕೆ ಸೈಲೆಂಟು, ಜಿ-ಎಚ್ ಕೂಡ ಸೈಲೆಂಟು ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸಾರ್, ಓದೋದಿಲ್ಲ ಅಂದ್ರೆ ಮೂರು ಅಕ್ಷರ ಸುಮ್ನೆ ಯಾಕೆ ಬರೀಬೇಕು?” ಹುಡುಗರೆಲ್ಲ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯ ಆ ವಯಸ್ಸಿನ ಮೇಷ್ಟರಿಗೆ ಇರುವುದಿಲ್ಲ. “ಹೆಚ್ಚು ಮಾತಾಡ್ಬೇಡ, ಬಾಯಿಪಾಠ ಮಾಡು” ಎಂದು ಗದರಿಸಿ ಅವನನ್ನು ಪಾಠ ಮುಗಿಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಾಲ್ಕು ಅಂಕ ಕಡಿಮೆಯಾಗಿ ನಪಾಸಾದ, ತಿರುಗಿ ಪರೀಕ್ಷೆ ಕಟ್ಟಲಿಲ್ಲ. ಆ ನಾಲ್ಕು ಅಂಕ ಕೆ ಅಕ್ಷರದ್ದೇ ಎಂದು ನಾನು ಹೇಳಲಾರೆ. ಆದರೂ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಮಗಳು ಮದುವೆಯಾಗಿ ಜರ್ಮನಿಯ ಬ್ರೆಮೆನ್ ಊರಿಗೆ ಹೋದಳು. 2014ರಲ್ಲಿ ಅವಳ ಬಾಣಂತನಕ್ಕೆ ನನ್ನಾಕೆ ಹೊರಟಾಗ ಜೊತೆಗೆ ನಾನೂ ಹೊರಟೆ. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಮೊದಲೇ ಅದನ್ನು ಊಹಿಸಿ, ಮಗಳು ಕಳಿಸಿದ್ದ ಪುಸ್ತಕ ಮತ್ತು ಸಿ.ಡಿ. ಇಟ್ಟುಕೊಂಡು ಊರಿನಲ್ಲೇ ಆರು ತಿಂಗಳು ಜರ್ಮನ್ ಕಲಿಯಲು ಕೂತಿದ್ದೆ. ಮೈಕೈ ಭಾಗಗಳ ಪಾಠ ಬಂತು. ಸಿ.ಡಿ.ಯ ಹೆಂಗಸು ಮಂಡಿಗೆ ‘ಕ್ನೀ’ ಎಂದಳು. ಪುಸ್ತಕದಲ್ಲಿ ಕೆ-ಎನ್-ಐ-ಇ ಎಂದಿತ್ತು. ಇಂಗ್ಲಿಷಿನ ನೀ ಎಂಬುದಕ್ಕೂ ಮುಂದೆ ಕೆ ಇದೆ, ಅದು ಮೂಕ. ಇಲ್ಲಿ ಅದೇ ಕೆ ಬಾಯಿ ಬಿಟ್ಟು ಮಾತಾಡುತ್ತಿತ್ತು. ಆ ತುಣುಕನ್ನು ನಾಲ್ಕೈದು ಸಲ ಹಾಕಿ ಕೇಳಿದೆ. ಒಳಗಿನಿಂದ ನನ್ನಾಕೆ, “ಅದೊಂದೇ ಶಬ್ದ ಎಷ್ಟು ಸಲ ಹಾಕ್ತೀರಿ?” ಎಂದು ಕೂಗಿದಳು.

ಆಮೇಲೆ ನಿಘಂಟಿನಲ್ಲಿ ಹುಡುಕುತ್ತ ಹೋದೆ. ಇಂಗ್ಲಿಷಿನ ನೈಟ್, ಅಂದರೆ ರಾತ್ರಿ, ಜರ್ಮನ್ನಿನಲ್ಲಿ ನಖ್ಟ್. ಲೈಟ್ ಲಿಖ್ಟ್. ಏಟ್ ಅಖ್ಟ್. ಡಾಟರ್ ಟೊಖ್ಟರ್. ಇಂಗ್ಲಿಷಿನಲ್ಲಿ ಜಿ-ಎಚ್ ಸತ್ತುಬಿದ್ದಲ್ಲೆಲ್ಲ ಜರ್ಮನ್ನಿನಲ್ಲಿ ಗಂಟಲಿನಿಂದ ಹೊರಡುವ ಒಂದು ಸದ್ದು ಜೀವಂತವಾಗಿದೆ. ಕುದುರೆ ವೀರನ ನೈಟ್? ಅದು ಜರ್ಮನ್ನಿನ ಕ್ನೆಖ್ಟ್. ಅರ್ಥ ನೋಡಿದರೆ ಆಳು, ಜೀತದವನು! ಹಳೆಯ ಇಂಗ್ಲಿಷಿನಲ್ಲಿ ಇದು ಕ್ನಿಖ್ಟ್ ಎಂದೇ ಇತ್ತು, ಎಲ್ಲ ಅಕ್ಷರಗಳನ್ನೂ ಉಚ್ಚರಿಸುತ್ತಿದ್ದರು. ಹುಡುಗ, ಸೇವಕ ಎಂಬ ಅರ್ಥವಿತ್ತು. ಇಂಗ್ಲೆಂಡಿನಲ್ಲಿ ದೊರೆಯ ಸೇವಕ ದೊರೆಯ ಯೋಧನಾಗಿ, ಯೋಧ ಬಿರುದಾಂಕಿತನಾಗಿ ಕುದುರೆ ಏರಿದ. ಜರ್ಮನಿಯಲ್ಲಿ ಅವನ ದಾಯಾದಿ ಕೊಟ್ಟಿಗೆಯಲ್ಲೇ ಉಳಿದ.

ಹಾಗಾದರೆ ಬರೆಯುವುದು ಯಾಕೆ? ಉತ್ತರ ಇಷ್ಟೇ. ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದ್ದು 1476ರಲ್ಲಿ. ಆಗ ಕೆ ಇನ್ನೂ ಜನರ ಬಾಯಲ್ಲಿತ್ತು. ಅಚ್ಚಿನ ಮೊಳೆಗಳು ಕಾಗುಣಿತವನ್ನು ನಿಧಾನವಾಗಿ ಹಿಡಿದು ಕೂರಿಸಿದವು. ನಾಲಿಗೆ ಮಾತ್ರ ಮುಂದೆ ನಡೆಯಿತು. 17ನೆಯ ಶತಮಾನದ ಹೊತ್ತಿಗೆ ಕೆ ಉದುರಿಹೋಗುತ್ತ ಬಂತು, ಕಾಗದದ ಮೇಲೆ ಉಳಿಯಿತು. ಹುಡುಗ ಕೇಳಿದ್ದಕ್ಕೆ ಎರಡು ನಿಮಿಷದ ಉತ್ತರ. ನನಗೆ ಸಿಕ್ಕಿದ್ದು ಮೂವತ್ತು ವರ್ಷದ ಮೇಲೆ.

ಇಷ್ಟಾದ ಮೇಲೆ ಜರ್ಮನ್ನೇ ಇಂಗ್ಲಿಷಿನ ತಾಯಿ ಎಂದು ತೀರ್ಮಾನ ಮಾಡಿಕೊಂಡು ಬ್ರೆಮೆನ್ನಿನಲ್ಲಿ ಇಳಿದೆ. ಅಳಿಯನ ಎದುರೂ ಹಾಗೇ ಹೇಳಿದೆ. ಅವರು ನಕ್ಕು, “ಮಾವ, ಪಕ್ಕದ ಮನೆ ಅಜ್ಜಿ ಹತ್ರ ಒಂದು ಸಲ ಮಾತಾಡಿ” ಎಂದರು. ಅಜ್ಜಿಗೆ ಎಂಬತ್ತು ದಾಟಿತ್ತು. ತೋಟಕ್ಕೆ ನೀರು ಹಾಕುತ್ತಿದ್ದರು. ನಾನು ಕಷ್ಟಪಟ್ಟು ಕಲಿತ ಜರ್ಮನ್ನಿನಲ್ಲಿ ‘ವಾಸರ್’ ಎಂದೆ. ಅವರು ತಲೆ ಅಲ್ಲಾಡಿಸಿ, ಅದು ಶಾಲೆಯ ಜರ್ಮನ್, ನಮ್ಮ ಮನೆಮಾತಿನಲ್ಲಿ ಇದು ‘ವಾಟರ್’ ಎಂದರು! ಸೇಬು ಶಾಲೆಯ ಜರ್ಮನ್ನಿನಲ್ಲಿ ಆಪ್ಫೆಲ್, ಅಜ್ಜಿಗೆ ಆಪೆಲ್. ಹಡಗು ಶಿಫ್, ಅಜ್ಜಿಗೆ ಶಿಪ್. ಪುಸ್ತಕ ಬೂಖ್, ಅಜ್ಜಿಗೆ ಬೋಕ್. ಮಾಡುವುದು ಮಾಖನ್, ಅಜ್ಜಿಗೆ ಮಾಕನ್. ಇದು ಏನು ಎನ್ನುವುದಕ್ಕೆ ಆಕೆ ‘ವಾಟ್ ಇಸ್ ದಾಟ್’ ಎಂದಾಗ ನಾನು ಸುಮ್ಮನೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟುಬಿಟ್ಟೆ.

ಅಜ್ಜಿಯದು ತಗ್ಗುನಾಡಿನ ಜರ್ಮನ್. ಪ್ಲಾಟ್ ಎನ್ನುತ್ತಾರೆ. ಉತ್ತರದ ಸಮುದ್ರದ ಕಡೆಯ ಬಯಲಿನ ಮಾತು. ನಾವು ಪುಸ್ತಕದಲ್ಲಿ ಕಲಿಯುವುದು ದಕ್ಷಿಣದ ಎತ್ತರದ ನಾಡುಗಳಿಂದ ಬೆಳೆದು ಬಂದ ಜರ್ಮನ್. ಸುಮಾರು 6ರಿಂದ 8ನೆಯ ಶತಮಾನದ ನಡುವೆ ದಕ್ಷಿಣದ ಮಾತಿನಲ್ಲಿ ಪ, ಟ, ಕ ಸದ್ದುಗಳು ಬದಲಾದವು: ಪ ಇದ್ದದ್ದು ಫ ಆಯಿತು, ಟ ಇದ್ದದ್ದು ಸ ಅಥವಾ ತ್ಸ ಆಯಿತು, ಕ ಇದ್ದದ್ದು ಎಷ್ಟೋ ಕಡೆ ಖ ಆಯಿತು. ಆ ಬದಲಾವಣೆ ಉತ್ತರದ ಬಯಲನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಆ ಬಯಲಿನ ಜನ ಹಡಗು ಹತ್ತಿ ಬ್ರಿಟನ್ನಿಗೆ ಹೋಗಿಯಾಗಿತ್ತು. ಅಂದರೆ ಬದಲಾದದ್ದು ಪುಸ್ತಕದ ಜರ್ಮನ್. ಈ ಒಂದು ವಿಷಯದಲ್ಲಿ ಇಂಗ್ಲಿಷೇ ಹಳೆಯದನ್ನು ಉಳಿಸಿಕೊಂಡಿದೆ. ತಾಯಿಯ ಬಾಯಲ್ಲಿ ಮಗಳಿಗಿಂತ ಹೊಸ ಸದ್ದು ಇರುವುದು ಹೇಗೆ? ಇವರು ತಾಯಿ ಮಗಳಲ್ಲ, ಒಂದೇ ಅಜ್ಜಿಯ ಮೊಮ್ಮಕ್ಕಳು. ಆ ಅಜ್ಜಿಗೆ ಬರವಣಿಗೆ ಇದ್ದದ್ದು ತೀರ ಕಡಿಮೆ, ಅವಳ ಮುಖವನ್ನು ಮೊಮ್ಮಕ್ಕಳ ಮುಖ ನೋಡಿ ಊಹಿಸಿಕೊಳ್ಳಬೇಕು.

ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. ನಮ್ಮ ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಮಿಳರು ಇಂದಿಗೂ ಪಾಲು, ಪುಲಿ, ಪೂ ಎನ್ನುತ್ತಾರೆ. ಅವರ ಪ ಉಳಿಯಿತು, ನಮ್ಮದು ಹ ಆಯಿತು ಎಂದ ಮಾತ್ರಕ್ಕೆ ಅವರು ತಾಯಿ, ನಾವು ಮಗಳು ಆಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಯಾರಾದರೊಬ್ಬರು ಈ ಜಗಳ ಎಬ್ಬಿಸುತ್ತಾರೆ. ಆಗೆಲ್ಲ ನನಗೆ ಬ್ರೆಮೆನ್ನಿನ ಅಜ್ಜಿಯ ನೀರಿನ ಕೊಳವೆ ನೆನಪಾಗುತ್ತದೆ.

ಇದಕ್ಕೂ ಹಿಂದಿನ ಮೆಟ್ಟಿಲೊಂದಿದೆ. ಸಂಸ್ಕೃತದ ದಂತ, ಇಂಗ್ಲಿಷಿನ ಟೂತ್, ಜರ್ಮನ್ನಿನ ತ್ಸಾನ್. ದ್ವಿ, ಟೂ, ತ್ಸ್ವೈ. ದಶ, ಟೆನ್, ತ್ಸೇನ್. ದ ಇದ್ದದ್ದು ಟ ಆಗಿ, ಟ ಇದ್ದದ್ದು ತ್ಸ ಆಗಿ ಇಳಿದಿದೆ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ನುಗಳಿಗೂ ನಂಟಿದೆ ಎಂದು ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ 1786ರಲ್ಲಿ ಹೇಳಿದ. ಸದ್ದುಗಳು ಹೇಗೆಂದರೆ ಹಾಗೆ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತವೆ ಎಂದು ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲೂ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲೂ ತೋರಿಸಿಕೊಟ್ಟರು. ತಮ್ಮನ ಜೊತೆ ಸೇರಿ ಅಜ್ಜಿಕಥೆಗಳನ್ನು ಕೂಡಿಹಾಕಿದ ಗ್ರಿಮ್ಮನೇ ಈತ.

ಬ್ರಿಟನ್ನಿಗೆ ಹಡಗು ಹತ್ತಿದವರ ವಿಷಯಕ್ಕೆ ಬರುತ್ತೇನೆ. ರೋಮನ್ನರು ದ್ವೀಪ ಬಿಟ್ಟದ್ದು ಸುಮಾರು 410ರಲ್ಲಿ. ಆಂಗಲರು, ಸ್ಯಾಕ್ಸನರು, ಜೂಟರು ಬಂದ ಕಾಲಕ್ಕೆ ಬೀಡ್ ಎಂಬ ಸನ್ಯಾಸಿ 449 ಎಂಬ ವರ್ಷ ಕೊಡುತ್ತಾನೆ. ಆದರೆ ಅದು ಒಂದು ದಿನದಲ್ಲಿ ಆದದ್ದಲ್ಲ. ಮೊದಲಿಂದ ಅಲ್ಲಿದ್ದವರನ್ನು ಇವರು ‘ವೆಲ್ಷ್’ ಎಂದರು. ಅದಕ್ಕೆ ಪರದೇಶಿ ಎಂದರ್ಥ. ಮನೆಗೆ ನುಗ್ಗಿದವನು ಮನೆಯವನನ್ನೇ ಪರದೇಶಿ ಎಂದದ್ದು, ಅದೇ ಇಂದಿನ ವೇಲ್ಸ್ ದೇಶದ ಹೆಸರು!

ಆಮೇಲೆ ನಾರ್ವೆ, ಡೆನ್ಮಾರ್ಕುಗಳ ಕಡಲಗಳ್ಳರು. 793ರಲ್ಲಿ ಲಿಂಡಿಸ್‌ಫಾರ್ನಿನ ಮಠ ಕೊಳ್ಳೆ ಹೊಡೆದು ಶುರು ಮಾಡಿ, ಕೊನೆಗೆ ಅರ್ಧ ದೇಶದಲ್ಲಿ ನೆಲೆ ನಿಂತರು. ಸ್ಕೈ, ವಿಂಡೋ ಅವರ ಪದಗಳು. ಇರಲಿ, ಪರಭಾಷೆಯಿಂದ ಪದ ತಗೊಳ್ಳದವರು ಯಾರು? ಆದರೆ ‘ದೇ’, ‘ದೆಮ್’ ಎಂಬ ಸರ್ವನಾಮಗಳನ್ನೂ ಅವರಿಂದಲೇ ಪಡೆದರು. ‘ಅವರು’ ಎನ್ನುವುದಕ್ಕೆ ಪಕ್ಕದ ಮನೆಯಿಂದ ಪದ ತರುವುದು ಎಂದರೆ ಎಷ್ಟು ಬೆರೆತಿರಬೇಕು! ಕ್ಯಾಕ್ಸ್‌ಟನ್ 1490ರ ಒಂದು ಪುಸ್ತಕದ ಮುನ್ನುಡಿಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಗಾಳಿ ಬೀಸದೆ ಹಡಗು ನಿಂತಾಗ ವ್ಯಾಪಾರಿಗಳು ಕೆಂಟ್ ಸೀಮೆಯ ದಡಕ್ಕೆ ಇಳಿದು ಒಂದು ಮನೆಯಲ್ಲಿ ‘ಎಗ್ಸ್’ ಕೇಳಿದರು. ಮನೆಯೊಡತಿ, ತನಗೆ ಫ್ರೆಂಚ್ ಬರುವುದಿಲ್ಲ ಎಂದಳಂತೆ. ಕೇಳಿದವನಿಗೆ ಸಿಟ್ಟು, ಅವನಿಗೂ ಫ್ರೆಂಚ್ ಬಾರದು. ಕೊನೆಗೆ ಮತ್ತೊಬ್ಬ ‘ಐರನ್’ ಎಂದಾಗ ಆಕೆಗೆ ತಿಳಿಯಿತು. ಎಗ್ ಕಡಲಗಳ್ಳರ ಪದ, ಐರನ್ ಹಳೆಯ ಇಂಗ್ಲಿಷಿನದು. ಬ್ರೆಮೆನ್ನಿನ ಅಂಗಡಿಯಲ್ಲಿ ಮೊಟ್ಟೆಗೆ ‘ಐಯರ್’ ಎಂದು ಚೀಟಿ ಹಚ್ಚಿದ್ದು ನೋಡಿ, ಸಸ್ಯಾಹಾರಿಯಾದ ನಾನು ಅಲ್ಲೇ ನಿಂತು ನಗುತ್ತಿದ್ದೆ. ಅಂಗಡಿಯವಳು ಏನೆಂದುಕೊಂಡಳೋ.

1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸಿನಲ್ಲಿ ಗೆದ್ದ ಮೇಲೆ ಆಸ್ಥಾನದ ಮಾತು ಫ್ರೆಂಚ್ ಆಯಿತು. ಮುನ್ನೂರು ವರ್ಷ ಇಂಗ್ಲಿಷ್ ಹೊಲಮನೆಯ ಭಾಷೆಯಾಗಿ ಬದುಕಿತು. ಕೌ, ಷೀಪ್, ಕಾಫ್ ಎಂಬ ಜೀವಂತ ಪ್ರಾಣಿಗಳು ಜರ್ಮನ್ನಿನ ಕೂ, ಶಾಫ್, ಕಾಲ್ಬ್‌ಗಳ ಬಳಗ. ಅವುಗಳ ಮಾಂಸದ ಹೆಸರು ಬೀಫ್, ಮಟನ್, ವೀಲ್ ಫ್ರೆಂಚಿನವು. ಸಾಕಿದವನು ಒಬ್ಬ, ತಿಂದವನು ಇನ್ನೊಬ್ಬ ಎಂಬ ಈ ಮಾತನ್ನು ಜನಪ್ರಿಯ ಮಾಡಿದ್ದು ವಾಲ್ಟರ್ ಸ್ಕಾಟನ 1819ರ ‘ಐವನ್‌ಹೋ’. ಕಥೆ ಸೊಗಸಾಗಿದೆ, ಆದರೆ ಗೆರೆ ಎಳೆದ ಹಾಗೆ ಈ ವಿಂಗಡಣೆ ಆಗ ಇರಲಿಲ್ಲ. ಬೀಫ್ ಎಂಬುದನ್ನು ಬಹುಕಾಲ ಜೀವಂತ ದನಕ್ಕೂ ಬಳಸುತ್ತಿದ್ದರು. ನಮ್ಮ ಜಿ-ಎಚ್ ಜೋಡಿಯೂ ಈ ಕಾಲದ ಲಿಪಿಕಾರರ ಕೈಚಳಕವೇ, ಮೊದಲು ಬರೀ ಎಚ್ ಇತ್ತು. ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಬೇಕು ಎಂಬ ಕಾನೂನು 1362ರಲ್ಲಿ ಬಂತು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ. ಕನ್ನಡವನ್ನೇ ಬಳಸತಕ್ಕದ್ದು ಎಂಬ ಸುತ್ತೋಲೆಯನ್ನು ಇಂಗ್ಲಿಷಿನಲ್ಲಿ ಹೊರಡಿಸಿದ ಹಾಗೆ.

ಇಂದು ಇಂಗ್ಲಿಷ್ ನಿಘಂಟಿನ ಅರ್ಧಕ್ಕೂ ಹೆಚ್ಚು ಪದಗಳು ಫ್ರೆಂಚ್, ಲ್ಯಾಟಿನ್ನುಗಳಿಂದ ಬಂದವು. ಆದರೆ ಅನ್ನ ನೀರಿನ ಹಾಗೆ ದಿನವೂ ಬೇಕಾಗುವ ಸಣ್ಣ ಪದಗಳು ಹಳೆಯ ಬಳಗದವೇ. ಕೋರ್ಟು ಕಚೇರಿಗೆ ಹೋದಾಗ ಪಾರಸಿ, ಸಭೆಯಲ್ಲಿ ಸಂಸ್ಕೃತ, ಅಡುಗೆಮನೆಯಲ್ಲಿ ಅಚ್ಚಗನ್ನಡ ಆಡುವ ನಮಗೆ ಇದು ಹೊಸದೇನಲ್ಲ.

ಹಳೆಯ ಇಂಗ್ಲಿಷಿನಲ್ಲಿ ಲಿಂಗವೂ ಮೂರಿದ್ದವಂತೆ, ಜರ್ಮನ್ನಿನ ಹಾಗೆಯೇ. ಇಂಗ್ಲಿಷ್ ಅದನ್ನು ಕಳಚಿ ಎಸೆಯಿತು, ಜರ್ಮನ್ ಹೊತ್ತುಕೊಂಡಿದೆ. ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ‘ಮೇಡ್‌ಷನ್’, ಅಂದರೆ ಹುಡುಗಿಯೂ ನಪುಂಸಕ. ಎಲ್ಲರೂ ಇದನ್ನು ನೋಡಿ ನಗುತ್ತಾರೆ. ನಾನು ನಗಲಾರೆ. ನಮ್ಮ ಹವ್ಯಕರ ಮನೆಗಳಲ್ಲಿ ‘ಅಕ್ಕ ಬಂತು’ ಎಂದೇ ಹೇಳುವುದು. ಮತ್ತೆ, ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕೊನೆಗೆ ಎಸೆಯುವ ಜರ್ಮನ್ ಪದ್ಧತಿ ಇಂಗ್ಲಿಷರಿಗೆ ತಲೆನೋವು. ನಾನು ಅಲ್ಲಿ ಮನೆಗೆ ಬಂದ ಹಾಗೆ ಕಾಲು ಚಾಚಿದೆ.

ಬ್ರೆಮೆನ್ನಿನಿಂದ ವಾಯವ್ಯಕ್ಕೆ ರೈಲಿನಲ್ಲಿ ಹೋದರೆ ಪೂರ್ವ ಫ್ರೀಸಿಯಾ ಸಿಗುತ್ತದೆ. ಅಲ್ಲಿಯ ರೆಸ್ಟರ್‌ಹಾಫೆ ಎಂಬಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ನಮಗೆ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಆ ಸೀಮೆಯ ನಾಡಮಾತೂ ಅಜ್ಜಿಯ ಪ್ಲಾಟ್ ಜಾತಿಯದೇ. ಜರ್ಮನ್ನರೊಬ್ಬರು ನಮ್ಮ ಮಾತಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದದ್ದು ನನಗೆ ಮೊದಲೆಲ್ಲ ವಿಚಿತ್ರವಾಗಿ ಕಾಣುತ್ತಿತ್ತು. ಆ ಬಯಲಿನ ಮಾತನ್ನು ಕಿವಿಯಾರೆ ಕೇಳಿದ ಮೇಲೆ ಅಷ್ಟು ವಿಚಿತ್ರ ಅನಿಸಲಿಲ್ಲ.

ಊರಿಗೆ ಬಂದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಹುಡುಗ ಎಂದೆ, ತಲೆ ನರೆತಿತ್ತು. ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಕೈಗೆ ಹತ್ತಿದ್ದ ಆಯಿಲ್ ಒರೆಸಿಕೊಂಡು ಎದ್ದು ನಿಂತ, ಸ್ಟೂಲು ಹಾಕಿದ, ಚಹಾ ತರಿಸಿದ. ನಾನು ಎಲ್ಲವನ್ನೂ ಹೇಳಿದೆ. ಕ್ನೀ, ಕ್ನೆಖ್ಟ್, ಕ್ಯಾಕ್ಸ್‌ಟನ್, ಅಚ್ಚಿನ ಮೊಳೆ. “ಅವತ್ತು ನಿಂಗೆ ಉತ್ತರ ಹೇಳ್ಲಿಲ್ಲ ನೋಡು, ನಂಗೇ ಗೊತ್ತಿರ್ಲಿಲ್ಲ” ಎಂದೆ.

ಅವನು ಪೂರ್ತಿ ಕೇಳಿದ. “ನಾನು ಹಾಗೆ ಕೇಳಿದ್ನಾ ಸಾರ್?” ಎಂದ. “ಬೆಂಚಿನ ಮೇಲೆ ನಿಂತಿದ್ದು ನೆನಪಿದೆ. ಕಿಟಕಿ ಆಚೆ ಮಳೆ ಬರ್ತಿತ್ತು. ಯಾಕೆ ನಿಲ್ಸಿದ್ರಿ ಅನ್ನೋದು ಮಾತ್ರ ಮರ್ತೇ ಹೋಗಿತ್ತು.”

ಚಹಾ ಮುಗಿಸಿದೆ. ದುಡ್ಡು ಕೊಡಲು ಹೋದರೆ ಬಿಡಲಿಲ್ಲ.