ಗೋಮಾಳದ ಕಾಗದಪತ್ರ

ಧಾರವಾಡ ಸೀಮೆಯ ಯಾವುದೇ ಹಳ್ಳಿಯನ್ನು ಹೊಕ್ಕು ನೋಡಿದರೂ, ಉಳುವ ಹೊಲ, ವಾಸದ ಮನೆ, ಕೆರೆ, ಗುಡಿ, ಹಾದಿ ಇವುಗಳಲ್ಲಿ ಯಾವುದರ ಲೆಕ್ಕಕ್ಕೂ ಸೇರದೆ ಊರ ಸೆರಗಿನಲ್ಲಿ ಬಿದ್ದುಕೊಂಡಿರುವ ಒಂದಿಷ್ಟು ನೆಲ ಕಣ್ಣಿಗೆ ಬೀಳದಿರದು. ಹಳೆಯ ಮೈಸೂರಿನವರು ಗೋಮಾಳವೆಂದೂ ಮುಂಬಯಿ ಕರ್ನಾಟಕದವರು ಗಾಯರಾಣವೆಂದೂ ಕರೆಯುವ ಈ ನೆಲಕ್ಕೆ ನೋಟದ ಸೊಗಸೇನೂ ಇಲ್ಲ. ಕುರುಚಲು ಗಿಡ, ಅಲ್ಲಲ್ಲಿ ಬೇವು, ಜಾಲಿ, ಹೊಂಗೆ, ಮಳೆಗಾಲದಲ್ಲಿ ಮೂಡಿ ಮಾಗಿಯಲ್ಲಿ ಒಣಗುವ ಹುಲ್ಲು, ಇಷ್ಟೇ. ಆದರೆ ಹೊಲವಿಲ್ಲದವನ ಆಡು ಮೇಯುವುದು ಅಲ್ಲಿ; ಬಡವಿಯೊಬ್ಬಳು ಸಂಜೆಯ ಒಲೆಗೆ ಪುಳ್ಳೆ ಆರಿಸಿಕೊಳ್ಳುವುದು ಅಲ್ಲಿ; ಬೇಲಿಯ ಮುಳ್ಳು, ನೇಗಿಲಿನ ಮರ, ಔಷಧದ ಬೇರು ಸಿಕ್ಕುವುದೂ ಅಲ್ಲಿಯೇ. ಊರಿಗೆಲ್ಲ ಸೇರಿದ್ದಾದುದರಿಂದ ಅದು ಯಾರ ಹೆಸರಿನಲ್ಲಿಯೂ ಇರಲಿಲ್ಲ. ಯಾರ ಹೆಸರಿನಲ್ಲಿಯೂ ಇಲ್ಲದ ನೆಲವೆಲ್ಲ ಸರಕಾರದ್ದೆಂಬುದು ಕಂದಾಯ ಇಲಾಖೆಯ ತತ್ತ್ವವಾದುದರಿಂದ, ತಲೆಮಾರುಗಳ ಬಳಕೆಯು ಒಂದು ಕಡೆಗೂ ಉತಾರದ ಒಂದು ಸಾಲು ಇನ್ನೊಂದು ಕಡೆಗೂ ನಿಂತುಬಿಟ್ಟವು. ಈ ಎರಡರ ನಡುವಣ ಅಂತರದಲ್ಲಿ ಕಾಲೂರಿ ನಿಂತು ಬೆಳೆದ ಒಂದು ಸಂಸ್ಥೆಯ, ಮತ್ತು ಅದನ್ನು ನಡೆಸಿದ ಬಗೆಯ, ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಈ ವ್ಯಾಜ್ಯ ಹೊಸದಲ್ಲ. 1878ರ ಅರಣ್ಯ ಶಾಸನವು ಕಾಡುಗಳನ್ನು ವರ್ಗವರ್ಗವಾಗಿ ವಿಂಗಡಿಸಿ, ಜನರು ಹಕ್ಕೆಂದು ತಿಳಿದಿದ್ದುದನ್ನು ಸರಕಾರವು ಕೃಪೆಯಿಂದ ಕೊಟ್ಟ ಸವಲತ್ತಾಗಿ ಮಾರ್ಪಡಿಸಿದ ಕಾಲದಿಂದಲೂ ಅದು ಹೊಗೆಯಾಡುತ್ತಲೇ ಇತ್ತು. 1930ರ ಕಾನೂನುಭಂಗದ ದಿನಗಳಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಜನರು ಕಾಡು ಹೊಕ್ಕು ಮರ ಕಡಿದು ಜಂಗಲ್ ಸತ್ಯಾಗ್ರಹವನ್ನು ನಡೆಸಿದರು. ಅಂಕೋಲೆ, ಸಿದ್ಧಾಪುರ, ಹಿರೇಕೆರೂರುಗಳ ರೈತರು ಕರನಿರಾಕರಣೆ ಮಾಡಿ ಮನೆಮಾರುಗಳನ್ನು ಕಳೆದುಕೊಂಡರು. ಆ ನೆನಪು ಹಳ್ಳಿಯ ಮುದುಕರಲ್ಲಿ ಉಳಿದಿದ್ದಿತೆಂಬುದು, ಅರ್ಧ ಶತಮಾನದ ತರುವಾಯ ಅದೇ ಸೀಮೆಯಲ್ಲಿ ಜನರನ್ನು ಕೂಡಿಸಹೊರಟವರಿಗೆ ದೊಡ್ಡ ಅನುಕೂಲವಾಯಿತು.

ಈ ನಡುವೆ ತುಂಗಭದ್ರೆಯ ದಡದಲ್ಲಿ ಬೇರೊಂದು ಶಕ್ತಿ ತಲೆಯೆತ್ತಿತ್ತು. ರಾಣಿಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಸ್ಥಾಪಿತವಾದ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯು ಮರವನ್ನು ಅರೆದು, ಬೇಯಿಸಿ, ರೇಯಾನ್ ನೂಲಿಗೆ ಬೇಕಾಗುವ ತಿರುಳನ್ನು ತೆಗೆಯುವಂಥದು. ಮರದಲ್ಲಿ ನಾರಿನ ಅಂಶವನ್ನು ಬಿಟ್ಟು ಉಳಿದುದೆಲ್ಲ ಕಪ್ಪು ದ್ರವವಾಗಿ ಬೇರ್ಪಡುತ್ತದೆ. ಅದನ್ನು ಎಲ್ಲಿ ಬಿಡುವುದೆಂಬುದು ಇಂಥ ಕಾರ್ಖಾನೆಗಳ ಒಂದು ಸಮಸ್ಯೆ. ಮರವನ್ನು ಎಲ್ಲಿಂದ ತರುವುದೆಂಬುದು ಇನ್ನೊಂದು. ಎರಡನೆಯದಕ್ಕೆ ಎಲ್ಲರೂ ಕಂಡುಕೊಂಡ ಉತ್ತರ ನೀಲಗಿರಿ ಮರ. ಈ ಮರವನ್ನು ನಮ್ಮ ನಾಡಿಗೆ ತಂದು ನಂದಿಬೆಟ್ಟದಲ್ಲಿ ನೆಟ್ಟವನು ಟಿಪ್ಪು ಸುಲ್ತಾನನೆಂದು ಪ್ರತೀತಿ. ಅದು ಬೇಗ ಬೆಳೆಯುತ್ತದೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ದನಕರುಗಳು ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಬೇಲಿಯ ಖರ್ಚು ಉಳಿಯುತ್ತದೆಂದು ಅರಣ್ಯಾಧಿಕಾರಿಯು ಮೆಚ್ಚಿದ ಗುಣ ಇದೇ. ತನ್ನ ಆಕಳಿಗೆ ಒಂದು ಬಾಯಿ ಮೇವೂ ದಕ್ಕುವುದಿಲ್ಲವೆಂದು ದನಗಾಹಿಯು ಹಳಿದ ಗುಣವೂ ಇದೇ.

ಇಂತಹ ಪ್ರದೇಶಕ್ಕೆ 1979ರಲ್ಲಿ ಎಸ್. ಆರ್. ಹಿರೇಮಠರು ಬಂದರು. ಯಲಬುರ್ಗಿಯ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ ಕಾನ್ಸಾಸಿನಲ್ಲಿ ವ್ಯಾಸಂಗವನ್ನು ಮುಂದುವರಿಸಿ, ಶಿಕಾಗೋದ ಬ್ಯಾಂಕೊಂದರಲ್ಲಿ ಉದ್ಯೋಗದಲ್ಲಿದ್ದವರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಲ್ಲಿಯ ಭಾರತೀಯರು ಪ್ರಜಾಪ್ರಭುತ್ವದ ಪರವಾಗಿ ಕಟ್ಟಿದ ಕೂಟದಲ್ಲಿ ಮುಂದಾಳಾಗಿದ್ದವರು. ಪತ್ನಿ ಶ್ಯಾಮಲಾ ಅವರೊಡನೆ ಹಿಂದಿರುಗಿ ಅವರು ನೆಲೆನಿಂತದ್ದು ರಾಣಿಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಸೀಮೆಯಲ್ಲಿ, ಗ್ರಾಮಾಭಿವೃದ್ಧಿಯ ಕೆಲಸಕ್ಕೆಂದು. ಅಭಿವೃದ್ಧಿಯ ಕೆಲಸ ಮಾಡುವವನಿಗೆ ಒಂದು ಹಂತದಲ್ಲಿ ಎದುರಾಗುವ ಪ್ರಶ್ನೆ ಅವರಿಗೂ ಎದುರಾಯಿತು: ಹಳ್ಳಿಗೆ ಏನನ್ನಾದರೂ ಹೊಸದಾಗಿ ಕೊಡುವುದು ಹಾಗಿರಲಿ, ಅದರಲ್ಲಿ ಇರುವುದನ್ನು ಇತರರು ಒಯ್ಯದಂತೆ ತಡೆಯುವವರಾರು? ಅಭಿವೃದ್ಧಿಗೆಂದು ಕಟ್ಟಿದ ಸಂಸ್ಥೆ ಸರಕಾರದೊಡನೆ ಸ್ನೇಹದಿಂದಿರಬೇಕು. ತಡೆಯತಕ್ಕ ಸಂಸ್ಥೆಗೆ ಜಗಳವು ಅನಿವಾರ್ಯ. ಎರಡೂ ಒಂದೇ ಚಾವಣಿಯ ಕೆಳಗೆ ಬಾಳಲಾರವು. 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯವು ಪ್ರತ್ಯೇಕವಾಗಿ ಹುಟ್ಟಿದ್ದರ ಮರ್ಮ ಇದೇ ಎಂದು ನನ್ನ ಊಹೆ. ಹಿರೇಮಠರು ಅದರ ಸ್ಥಾಪಕ ಅಧ್ಯಕ್ಷರಾದರು.

ಮೊದಲ ಹೋರಾಟ ನದಿಯದು. ಕಾರ್ಖಾನೆಯ ಕೆಳಗಣ ದಂಡೆಯ ಹಳ್ಳಿಗಳವರು ಮೀನು ಸಾಯುತ್ತವೆಯೆಂದೂ, ನೀರು ಕುಡಿದ ದನಗಳಿಗೆ ರೋಗ ಬರುತ್ತದೆಯೆಂದೂ, ಹೊಳೆಗಿಳಿದರೆ ಮೈ ತುರಿಸುತ್ತದೆಯೆಂದೂ ದೂರುತ್ತಿದ್ದರು. 1984ರ ಗಾಂಧಿ ಜಯಂತಿಯಂದು ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. ಅನಂತರ ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನೂ ಏರಿತು. ನದಿಯ ಈ ಮೊಕದ್ದಮೆಯ ವಿಸ್ತಾರಕ್ಕೆ ನಾನು ಹೋಗುವುದಿಲ್ಲ. ಅದು ಮುಂದಿನದಕ್ಕೆ ಪೀಠಿಕೆ. ಹೊಳೆಗೆ ಬಿಡುವ ನೀರಿನ ಬೆನ್ನು ಹತ್ತಿದವರು ಕಾರ್ಖಾನೆಯ ಇನ್ನೊಂದು ಬಾಗಿಲಿಗೆ, ಮರ ಒಳಗೆ ಬರುವ ಬಾಗಿಲಿಗೆ, ಬಂದು ನಿಂತರು.

ಅಲ್ಲಿ ಕಂಡದ್ದು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್. ಅದೇ 1984ರಲ್ಲಿ ರಾಜ್ಯ ಸರಕಾರವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕಟ್ಟಿದ ಈ ಕಂಪನಿಯಲ್ಲಿ ನೂರಕ್ಕೆ 51 ಪಾಲು ಸರಕಾರದ್ದು, 49 ಕಾರ್ಖಾನೆಯದು. ಧಾರವಾಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಎಂಬ ನಾಲ್ಕು ಜಿಲ್ಲೆಗಳಲ್ಲಿ ಹರಡಿದ 30,000 ಹೆಕ್ಟೇರುಗಳಷ್ಟು ಭೂಮಿಯನ್ನು 40 ವರ್ಷಗಳ ಗುತ್ತಿಗೆಯ ಮೇಲೆ ಈ ಕಂಪನಿಗೆ ಒಪ್ಪಿಸಿ, ಅಲ್ಲಿ ನೀಲಗಿರಿಯಂತಹ ಮರಗಳನ್ನು ಕಾರ್ಖಾನೆಗಾಗಿ ಬೆಳೆಸತಕ್ಕದ್ದೆಂದು ಕರಾರು. ಗುತ್ತಿಗೆಯ ದರ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಗುಣಿಸಿ ನೋಡಿದರೆ ನಾಲ್ಕು ಜಿಲ್ಲೆಗಳ ಅಷ್ಟೂ ನೆಲಕ್ಕೆ ಸರಕಾರಕ್ಕೆ ಬರತಕ್ಕ ವಾರ್ಷಿಕ ಆದಾಯ ಮುಕ್ಕಾಲು ಲಕ್ಷ ರೂಪಾಯಿಗಳ ಆಸುಪಾಸು! ಈ ಭೂಮಿ ಬಂಜರೆಂದು ಕಡತಗಳು ಹೇಳುತ್ತಿದ್ದುವು. ಬೇಸಾಯಕ್ಕೆ ತಕ್ಕುದಲ್ಲವೆಂದು ಸಿ ಮತ್ತು ಡಿ ವರ್ಗಗಳಲ್ಲಿ ಪಟ್ಟಿ ಮಾಡಿ ಅರಣ್ಯ ಇಲಾಖೆಗೆ ದಾಟಿಸಿದ ಆ ನೆಲವೇ ಹಳ್ಳಿಯವರ ಗಾಯರಾಣ, ಹಳ್ಳಿಯವರ ಸೌದೆಯ ಮನೆ.

ಇಲ್ಲಿಂದಾಚೆಗೆ ಸಂಸ್ಥೆಯು ನಡೆದ ರೀತಿಯು ವಿಚಾರ ಮಾಡತಕ್ಕದ್ದು. ಪರಿಸರದ ಹೋರಾಟವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮೆರವಣಿಗೆ, ಘೋಷಣೆ, ಬಂಧನ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಬಳಿ ಕಳಾಸೆಯ ಕಾಡಿನಲ್ಲಿ ಜನರು ಮರಗಳನ್ನು ತಬ್ಬಿ ನಿಂತ ಅಪ್ಪಿಕೋ ಚಳವಳಿಯ ಕೀರ್ತಿ ಆಗಿನ್ನೂ ಹಸಿಯಾಗಿದ್ದಿತು. ಆದರೆ ಎದೆಯೆತ್ತರದ ಮರವಿಲ್ಲದ ಗಾಯರಾಣದಲ್ಲಿ ಅಪ್ಪಿಕೊಳ್ಳುವುದೇನನ್ನು? ಅಲ್ಲಿ ಉಳಿಸಿಕೊಳ್ಳಬೇಕಾಗಿದ್ದುದು ಮರವನ್ನಲ್ಲ, ಬಳಕೆಯನ್ನು. ಬಳಕೆಗೆ ಸಾಕ್ಷಿ ಹುಟ್ಟಿಸುವುದು ಮೆರವಣಿಗೆಯಿಂದಾಗುವ ಕೆಲಸವಲ್ಲ. ಯಾವ ಸರ್ವೆ ನಂಬರು ಯಾವ ತಾರೀಕಿಗೆ ಯಾರಿಂದ ಯಾರಿಗೆ ಹೋಯಿತು, ಆದೇಶಕ್ಕೆ ಸಹಿ ಹಾಕಿದವರಾರು, ಆ ನೆಲದಲ್ಲಿ ಯಾವ ಊರಿನ ಎಷ್ಟು ದನ ಮೇಯುತ್ತಿದ್ದವು, ಎಷ್ಟು ಮನೆಗಳ ಒಲೆಗಳು ಅದನ್ನು ನೆಚ್ಚಿದ್ದವು ಎಂಬ ವಿವರಗಳನ್ನು ಹಳ್ಳಿ ಹಳ್ಳಿ ತಿರುಗಿ, ಕಚೇರಿ ಕಚೇರಿ ಅಲೆದು, ಕೂಡಿಹಾಕಬೇಕು. ಮಾಹಿತಿ ಹಕ್ಕಿನ ಕಾಯಿದೆ ಬರಲು ಇನ್ನೂ ಎರಡು ದಶಕಗಳಿದ್ದ ಕಾಲವದು. ಗುಮಾಸ್ತೆಯು ಮನಸ್ಸು ಮಾಡಿದರೆ ನಕಲು, ಇಲ್ಲದಿದ್ದರೆ ನಾಳೆ. ಬ್ಯಾಂಕಿನಲ್ಲಿ ಲೆಕ್ಕ ನೋಡಿ ಪಳಗಿದ ಕಣ್ಣು ಸಂಸ್ಥೆಯ ನಾಯಕನಿಗೆ ಇದ್ದುದು ಇಲ್ಲಿ ಒದಗಿ ಬಂದಿರಬೇಕು. ಇಂತಹ ಸಂಸ್ಥೆಯ ಮುಖಂಡನು ಎರಡು ಭಾಷೆಗಳ ದುಭಾಷಿ: ಕಾಗದವಿಲ್ಲದ ಹಳ್ಳಿಯ ಅಳಲನ್ನು, ಕಾಗದವನ್ನಲ್ಲದೆ ಬೇರೇನನ್ನೂ ನಂಬದ ನ್ಯಾಯಾಸನಕ್ಕೆ ಅರ್ಥವಾಗುವಂತೆ ಹೇಳತಕ್ಕವನು, ಅಲ್ಲಿಂದ ಬಂದ ಆಜ್ಞೆಯನ್ನು ಮರಳಿ ಹಳ್ಳಿಯವರ ಮಾತಿಗೆ ಇಳಿಸಿ ಬಿಡಿಸಿ ಹೇಳತಕ್ಕವನೂ ಅವನೇ.

1986ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಮೊದಲನೆಯ ಹೆಸರು ಕೋಟ ಶಿವರಾಮ ಕಾರಂತರದು. ಆಗ ಅವರಿಗೆ 84 ವರ್ಷ. ಆ ವಯಸ್ಸಿನಲ್ಲಿ ಬಹುಮಂದಿ ಸಾಹಿತಿಗಳು ಸನ್ಮಾನದ ಶಾಲು ಹೊದ್ದು ಬೆಚ್ಚಗಿರುತ್ತಾರೆ. ಕಾರಂತರಾದರೋ ಮೂರು ವರ್ಷಗಳ ಬಳಿಕ ಕೈಗಾ ಅಣುಸ್ಥಾವರದ ವಿರೋಧವನ್ನೇ ಮುಂದಿಟ್ಟುಕೊಂಡು ಲೋಕಸಭೆಯ ಚುನಾವಣೆಗೂ ನಿಂತರು. ನಾಡೇ ಗೌರವಿಸುವ ಲೇಖಕನ ಹೆಸರನ್ನು ತಲೆಯ ಮೇಲಿಟ್ಟು, ದುಡಿಮೆಯನ್ನೆಲ್ಲ ತಾನು ಹೊತ್ತು ಹಿಂದೆ ನಿಂತ ಸಂಸ್ಥೆಯ ವಿವೇಕವನ್ನೂ ಇಲ್ಲಿ ಗಮನಿಸಬೇಕು. 1987ರ ಮಾರ್ಚಿನಲ್ಲಿ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ಇನ್ನು ಮುಂದೆ ಸಾಮುದಾಯಿಕ ಭೂಮಿಯನ್ನು ಕಂಪನಿಗೆ ದಾಟಿಸುವಂತಿಲ್ಲ.

ದೆಹಲಿಯ ತಡೆಯಾಜ್ಞೆಯಿಂದ ಹಳ್ಳಿಯ ದನಕ್ಕೆ ಮೇವು ಬರುವುದಿಲ್ಲ. ಆಗಲೇ ನೆಟ್ಟಿದ್ದ ಸಸಿಗಳು ನೆಟ್ಟಲ್ಲಿಯೇ ಇದ್ದುವು. ಅದೇ ವರ್ಷದ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಶಾಲೆಯ ಅಂಗಳದಲ್ಲಿ ನಿಂತು ಅಹಿಂಸೆಯ ಪ್ರತಿಜ್ಞೆಯನ್ನು ಕೈಗೊಂಡರು. ಗುಜರಾತಿನಿಂದ ಬಂದಿದ್ದ ಗಾಂಧೀವಾದಿ ಚುನೀಭಾಯಿ ವೈದ್ಯರು ಅವರನ್ನು ಉದ್ದೇಶಿಸಿ ಮಾತನಾಡಿದರು. ಆಮೇಲೆ ವಾದ್ಯ ಬಾರಿಸುವವರನ್ನು ಮುಂದಿಟ್ಟುಕೊಂಡು, ಬಾವುಟಗಳನ್ನು ಹಿಡಿದು, ವಿವಾದದ ನೆಲಕ್ಕೆ ನಡೆದುಹೋಗಿ, ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಊರಿಗೆ ಹಣ್ಣನ್ನೋ ಮೇವನ್ನೋ ಕೊಡತಕ್ಕ ಸಸಿಗಳನ್ನು ನೆಟ್ಟರು. ಕಿತ್ತಿಕೋ ಹಚ್ಚಿಕೋ ಎಂದು ಹೆಸರಾದ ಸತ್ಯಾಗ್ರಹ ಇದು. ಚದುರುವ ಮೊದಲು, ನೆಟ್ಟ ಸಸಿಗಳಿಗೆ ನೀರೆರೆದು ಕಾಪಾಡುವುದಾಗಿ ಹಳ್ಳಿಯವರು ಮತ್ತೊಂದು ಪ್ರತಿಜ್ಞೆ ಮಾಡಿದರು.

ಎರಡು ಸಾವಿರ ಜನ ಮನಸ್ಸು ಮಾಡಿದ್ದರೆ ಒಂದು ಹಗಲಿನಲ್ಲಿ ತೋಪಿಗೆ ತೋಪನ್ನೇ ಕೀಳಬಹುದಾಗಿತ್ತು. ನೂರಕ್ಕೆ ನಿಲ್ಲಿಸಿದರೆಂಬುದರಲ್ಲಿಯೇ ನಾಯಕತ್ವದ ಕಸುಬು ಕಾಣುತ್ತದೆ. ಹೆಚ್ಚು ಕಿತ್ತಿದ್ದರೆ ಅದು ನಾಶವಾಗುತ್ತಿತ್ತು, ಪೋಲೀಸಿನವರಿಗೂ ಕಂಪನಿಯ ವಕೀಲರಿಗೂ ಅನುಕೂಲವಾಗುತ್ತಿತ್ತು. ಕಿತ್ತು ಸುಮ್ಮನಾಗಿದ್ದರೆ ಹಳ್ಳಿಯವರಿಗೆ ಮರವೆಂದರಾಗದು ಎಂಬ ಅಪವಾದ ಬರುತ್ತಿತ್ತು. ನಾಲ್ಕು ಗೋಡೆಗಳ ನಡುವೆ ಇಂತಹ ಎಣಿಕೆ ಹಾಕುವುದು ಸುಲಭ. ವಾದ್ಯದ ಸದ್ದಿನಿಂದ ಕಾವೇರಿದ ಜನಸಮೂಹವು ಬಯಲಿನಲ್ಲಿ ಆ ಎಣಿಕೆಯನ್ನು ಮೀರದಿರುವಂತೆ ನೋಡಿಕೊಳ್ಳುವುದು ತಿಂಗಳುಗಟ್ಟಲೆಯ ತಯಾರಿಯ ಫಲ.

ಮುಂದಿನ ನಾಲ್ಕು ವರ್ಷಗಳ ಕಥೆಯಲ್ಲಿ ಇಷ್ಟು ರಂಗಿಲ್ಲ. ಆದರೆ ಗೆಲವು ದೊರೆತದ್ದು ಆ ಬಣ್ಣಗೆಟ್ಟ ವರ್ಷಗಳಲ್ಲಿಯೇ. ರಾಜ್ಯದ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟವನ್ನು ಜೊತೆಗೆ ಕರೆದುಕೊಂಡು, ಶಾಸಕರಿಂದ ಮನವಿಗಳನ್ನು ಬರೆಯಿಸಿ, ಕಂಪನಿಗೆ ಹಣ ಒದಗಿಸುವ ಬ್ಯಾಂಕುಗಳ ಬಾಗಿಲನ್ನೂ ತಟ್ಟಿ, ಮಂತ್ರಿಗಳು ಬದಲಾದಂತೆಲ್ಲ ಹೊಸಬರ ಮುಂದೆ ಹಳೆಯ ಕಡತವನ್ನೇ ಮತ್ತೆ ಬಿಚ್ಚಿ, ಸಂಸ್ಥೆಯು ಒತ್ತಾಯವನ್ನು ಸಡಿಲಿಸದೆ ಹಿಡಿದಿದ್ದಿತು. 1991ರಲ್ಲಿ ಸರಕಾರವು ಕರ್ನಾಟಕ ಪಲ್ಪ್‌ವುಡ್ಡನ್ನು ಮುಚ್ಚುವ ತೀರ್ಮಾನಕ್ಕೆ ಬಂದಿತು. ನ್ಯಾಯಾಲಯ ಗೆಲ್ಲಿಸಿತೆಂದು ವಕೀಲರು ಹೇಳಿಯಾರು, ಕುಸನೂರು ಗೆಲ್ಲಿಸಿತೆಂದು ಕಾರ್ಯಕರ್ತರು ಹೇಳಿಯಾರು. ಅರ್ಜಿಯಿಲ್ಲದೆ ಕುಸನೂರು ದೊಂಬಿಯೆನಿಸುತ್ತಿತ್ತು, ಕುಸನೂರಿಲ್ಲದೆ ಅರ್ಜಿಯು ದೆಹಲಿಯ ರಾಶಿಯಲ್ಲಿ ಒಂದಾಗುತ್ತಿತ್ತು ಎಂಬುದು ನನ್ನ ಮತ.

ಇದೇ ಸಂಸ್ಥೆ 2009ರಲ್ಲಿ ಮತ್ತೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲೇರಿತು. ಈ ಸಲ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿನ ಅಕ್ರಮ ಗಣಿಗಾರಿಕೆಯ ವಿಷಯದಲ್ಲಿ. 2011ರ ಜುಲೈ ಕೊನೆಯಲ್ಲಿ ಬಳ್ಳಾರಿಯಲ್ಲಿಯೂ, ಮುಂದಿನ ತಿಂಗಳು ತುಮಕೂರು ಚಿತ್ರದುರ್ಗಗಳಲ್ಲಿಯೂ ಗಣಿಗಳು ನಿಂತವು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣಕ್ಕನುಸಾರ ಎ, ಬಿ, ಸಿ ಎಂದು ಮೂರು ವರ್ಗ ಮಾಡಿ, ಕೊನೆಯ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿತು. ವರ್ಷಕ್ಕೆ ತೆಗೆಯಬಹುದಾದ ಅದಿರಿಗೆ ಮೂರು ಜಿಲ್ಲೆಗಳಿಗೂ ಸೇರಿ 30 ದಶಲಕ್ಷ ಟನ್ನುಗಳ ಮಿತಿ ಬಿತ್ತು. ಪರಿಣಾಮದ ವ್ಯಾಪ್ತಿಯಲ್ಲಿ ಇದರ ಮುಂದೆ ಕುಸನೂರು ಏನೂ ಅಲ್ಲ. ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯದಿರದು. ಗಾಯರಾಣದ ಹೋರಾಟದಲ್ಲಿ ಸಂಸ್ಥೆಯ ಹಿಂದೆ ಊರುಗಳಿದ್ದುವು, ಗೆಲವು ಊರಿನ ನೆಲಕ್ಕೇ ಬಂದಿತು. ಗಣಿಯ ಮೊಕದ್ದಮೆಯಲ್ಲಿ ಮುಂದೆ ನಿಂತದ್ದು ದಾಖಲೆಗಳು. ಗಣಿ ನಿಂತ ದಿನ ಸಂಡೂರು ಹೊಸಪೇಟೆಗಳ ಲಾರಿ ಚಾಲಕರು ಕೂಲಿಕಾರರು ಕೆಲಸ ಕಳೆದುಕೊಂಡು ತೀರ್ಪನ್ನು ಶಪಿಸಿದ್ದರೆ ಅವರನ್ನು ಲೂಟಿಗಾರರ ಪಕ್ಷದವರೆಂದು ಬದಿಗೆ ತಳ್ಳುವುದು ನ್ಯಾಯವಲ್ಲ. ಕೆಟ್ಟ ಪರಿಸರವನ್ನೂ ಕೆಟ್ಟ ಬದುಕನ್ನೂ ಸರಿಪಡಿಸುವುದಕ್ಕೆಂದು ಗಣಿಗಳ ಆದಾಯದಿಂದಲೇ ಪಾಲು ಎತ್ತಿರಿಸಿ, ಅದಕ್ಕಾಗಿ 2014ರಲ್ಲಿ ಒಂದು ನಿಗಮವನ್ನೂ ಕಟ್ಟಿದರು. ಸಾವಿರಾರು ಕೋಟಿ ರೂಪಾಯಿಗಳು ಕೂಡಿದುವು. ವೆಚ್ಚ ಮಾಡುವುದಕ್ಕೆ ನ್ಯಾಯಾಲಯದ ಅನುಮತಿ ದೊರೆತು, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿಯೊಬ್ಬರು ನೇಮಕವಾದದ್ದು 2022ರಲ್ಲಿ. ಆ ಹಣ ಯಾವ ಊರಿನ ಯಾವ ಕೆರೆಗೆ, ಯಾವ ಗಾಯರಾಣಕ್ಕೆ ಹೋಯಿತೆಂದು ಸರ್ವೆ ನಂಬರು ಹಿಡಿದು ಕೇಳುವ ಕೆಲಸ ಈಗ ಬಿದ್ದಿದೆ. ಅದನ್ನು ಮಾಡಲು ಸಂಡೂರಿನವರೇ ಕಟ್ಟಿಕೊಂಡ ಸಂಸ್ಥೆಯೊಂದು ಬೇಕು, ಧಾರವಾಡದಿಂದ ಹೋಗಿ ಮಾಡತಕ್ಕದ್ದಲ್ಲ.